ತಡಸದ ನೀಲಪ್ಪನೂ ಹಿರೇಕೆರೂರು ಸಂತೆಯ ಆಡೂ

ತಡಸದ ನೀಲಪ್ಪ ಒಂಬತ್ತು ವರ್ಷ ವಿಮಾನಪಡೆಯಲ್ಲಿದ್ದ. ಆ ಒಂಬತ್ತು ವರ್ಷಗಳಲ್ಲಿ ಅವನು ನೆಲ ಬಿಟ್ಟು ಮೇಲೇರಿದ್ದು ಹೆಚ್ಚೆಂದರೆ ಬ್ಯಾರಕ್ಕಿನ ಮಂಚದ ಎತ್ತರಕ್ಕೆ. ಆದರೂ ೧೯೭೬ರಲ್ಲಿ ಟ್ರಂಕು ಹೊತ್ತು ಊರಿಗೆ ಬಂದಿಳಿದ ದಿನದಿಂದ ಜನ ಅವನನ್ನು ಕರೆದದ್ದು ಪೈಲಟ್ ನೀಲಪ್ಪ ಎಂದೇ. ಮೊದಲ ಆರು ತಿಂಗಳು "ನಾ ಪೈಲಟ್ ಅಲ್ಲೋ ಯಪ್ಪಾ" ಎಂದು ತಿದ್ದಿ ನೋಡಿದ. ತಿದ್ದಿದಷ್ಟೂ ಜನ ಅದನ್ನು ದೊಡ್ಡವರ ವಿನಯ ಎಂದುಕೊಂಡರು. ಆಮೇಲೆ ಅವನೂ ಕೈಬಿಟ್ಟ. ಶಿಗ್ಗಾಂವಿ ಬಸ್‌ಸ್ಟ್ಯಾಂಡಿನ ಹಿಂದೆ ಹಾರ್ಮೋನಿಯಂ, ಕಮ್ಮಾರರ ತಿದಿ, ಸೈಕಲ್ ಸೀಟು ರಿಪೇರಿ ಮಾಡುವ ಅಂಗಡಿ ಹಾಕಿದಾಗ, ಬೋರ್ಡು ಬರೆಯುವವನು ಕೇಳದೆಯೇ ಹೆಸರಿನ ಪಕ್ಕ ಒಂದು ವಿಮಾನದ ಚಿತ್ರ ಬಿಡಿಸಿಬಿಟ್ಟ. ಅದಕ್ಕೆ ಮೂರು ರೆಕ್ಕೆ ಇದ್ದವು.

ಹದಿನೈದು ವರ್ಷ ಇದ್ದು ಪೆನ್ಶನ್ ತೆಗೆದುಕೊಂಡು ಬರಬೇಕಾದವನು ಒಂಬತ್ತಕ್ಕೇ ಯಾಕೆ ಬಂದ ಎಂಬುದಕ್ಕೆ ಊರಲ್ಲಿ ನಾಲ್ಕಾರು ಕತೆಗಳಿದ್ದವು. ವಿಮಾನ ಕೆಡವಿದನಂತೆ. ಸಾಹೇಬನ ಹೆಂಡತಿಯನ್ನು ಕೂರಿಸಿಕೊಂಡು ಆಗ್ರಾಕ್ಕೆ ಹೋಗಿದ್ದನಂತೆ. ಗಡಿ ದಾಟಿದ್ದನಂತೆ. ನಿಜವಾದ ಕಾರಣದಲ್ಲಿ ಹೆಂಗಸೂ ಇಲ್ಲ, ಗಡಿಯೂ ಇಲ್ಲ. ಅದರಲ್ಲಿ ಇರುವುದು ಒಂದು ಆಡು, ತಲೆಗೆ ಹಚ್ಚುವ ಎಣ್ಣೆಯ ಒಂದು ಬಾಟಲಿ, ಮತ್ತು ಸವಣೂರಿನ ಒಬ್ಬ ವೈಷ್ಣವರ ಹುಡುಗ.

ಸೈನ್ಯದ ಪೈಲಟ್ ಶಾಲೆಗಳ ಚರಿತ್ರೆಯನ್ನು ದೊಡ್ಡ ಅಧಿಕಾರಿಗಳು ಹೇಳಿದರೆ ಅದು ಗರುಡ ಪುರಾಣದ ಹಾಗೆ ಗಂಭೀರವಾಗಿರುತ್ತದೆ. ನೀಲಪ್ಪ ಹೇಳಿದರೆ ಹಾಗಿರುತ್ತಿರಲಿಲ್ಲ. ಅವನ ಪ್ರಕಾರ, ಮೊದಮೊದಲು ಫ್ರಾನ್ಸ್ ದೇಶದವರು ರೆಕ್ಕೆ ಮೋಟು ಮಾಡಿದ ವಿಮಾನದಲ್ಲಿ ಹುಡುಗರನ್ನು ಕೂರಿಸಿ ಹುಲ್ಲಿನ ಮೇಲೆ ಕೋಳಿಗಳ ಹಾಗೆ ಅತ್ತಿಂದಿತ್ತ ಓಡಾಡಿಸುತ್ತಿದ್ದರು. ಆಮೇಲೆ ಇಂಗ್ಲಿಷರು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಒಂದು ನಳಿಗೆ ಇಟ್ಟು, ಹಾರುತ್ತಾ ಹಾರುತ್ತಾ ಬೈಯುವ ಪದ್ಧತಿ ತಂದರು. ಗುರು ಶಿಷ್ಯರ ಪರಂಪರೆಯಲ್ಲಿ ಬೈಗುಳ ಅಷ್ಟು ನೇರವಾಗಿ ಒಳಗಿಳಿದದ್ದು ಅದೇ ಮೊದಲು. ಅದಾದ ಮೇಲೆ ಅಮೆರಿಕದಲ್ಲಿ ಆರ್ಗನ್ ಪೆಟ್ಟಿಗೆ ಮಾಡುವವನ ಮಗನೊಬ್ಬ ಅಪ್ಪನ ಕಾರ್ಖಾನೆಯ ತಿದಿಗಳನ್ನೇ ಎತ್ತಿಕೊಂಡು, ಅವುಗಳ ಮೇಲೆ ಗಿಡ್ಡ ರೆಕ್ಕೆಯ ಮರದ ವಿಮಾನ ಕೂರಿಸಿದ. ತಿದಿ ಉಬ್ಬಿದ ಕಡೆ ವಿಮಾನ ಏಳುತ್ತದೆ, ಕುಗ್ಗಿದ ಕಡೆ ವಾಲುತ್ತದೆ. ಸೈನ್ಯದವರು ಅತ್ತ ತಿರುಗಿಯೂ ನೋಡಲಿಲ್ಲ. ಮೋಜಿನ ಪಾರ್ಕುಗಳಲ್ಲಿ ಜನ ಚೀಟಿ ತೆಗೆಸಿ ಹತ್ತುವ ಆಟಿಕೆಯಾಗಿ ಅದು ಬದುಕಿತು. ಮೋಡದೊಳಗೆ ದಿಕ್ಕು ತಪ್ಪಿ ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಸೈನ್ಯಕ್ಕೆ ಬುದ್ಧಿ ಬಂದು, ಅದನ್ನೇ ಕೊಂಡು ಶಾಲೆಗಳಲ್ಲಿ ಇಟ್ಟಿತು. ಅದರ ಹೆಸರು ಲಿಂಕ್.

ನಿಜಾಮರ ಸೀಮೆಯ ಕಡೆಗಿದ್ದ ಒಂದು ವಿಮಾನ ಶಾಲೆಯಲ್ಲಿ ಅಂಥದೊಂದು ಮುದಿ ಲಿಂಕ್ ಇತ್ತು. ಅದನ್ನು ನಡೆಸುವವನು ಕಾರ್ಪೊರಲ್ ನೀಲಪ್ಪ. ಕಲಿಯುವ ಹುಡುಗ ಪೆಟ್ಟಿಗೆಯಲ್ಲಿ ಕೂರಬೇಕು, ಮೇಲೆ ಮುಚ್ಚಳ ಬೀಳುತ್ತದೆ, ಒಳಗೆ ಕತ್ತಲು. ಎದುರಿಗಿನ ಮಾಪಕಗಳಲ್ಲಿ ಮಿನುಗುವ ಮುಳ್ಳುಗಳನ್ನೇ ನಂಬಿ ಇಲ್ಲದ ಆಕಾಶದಲ್ಲಿ ಹಾರಬೇಕು. ಹೊರಗೆ ಮೇಜಿನ ಮೇಲೆ ಹಾಸಿದ ನಕಾಶೆಯ ಮೇಲೆ ಮೂರು ಚಕ್ರದ ಪುಟ್ಟ ಯಂತ್ರವೊಂದು ಶಾಯಿಯ ಗೆರೆ ಎಳೆಯುತ್ತ ಹರಿದಾಡುತ್ತದೆ. ಅದಕ್ಕೆ ಏಡಿ ಎನ್ನುತ್ತಿದ್ದರು. ಹುಡುಗ ಒಳಗೆ ಎಲ್ಲಿಗೆ ಹಾರಿದನೋ ಏಡಿ ಹೊರಗೆ ಬರೆದುಬಿಡುತ್ತದೆ. ನೀಲಪ್ಪ ಕಿವಿಗೆ ಇಯರ್‌ಫೋನು ಹಾಕಿಕೊಂಡು, ಒಳಗಿನವನ ಜೊತೆ ಮಾತಾಡುತ್ತ, ಆ ಗೆರೆ ಕಾಯುತ್ತಿದ್ದ. ಮೂರು ಪರೀಕ್ಷೆಗಳಲ್ಲಿ ಗೆರೆ ಸೊಟ್ಟ ಬಂದರೆ ಹುಡುಗನಿಗೆ ಗಂಟು ಕಟ್ಟಿಸಿ ರೈಲು ಹತ್ತಿಸುವುದು ಆ ಶಾಲೆಯ ನಿಯಮ.

ಆಡು ಬಂದದ್ದು ೧೯೭೩ರಲ್ಲಿ. ಲಿಂಕಿನ ಬಲಗಡೆಯ ತಿದಿ ಹರಿಯಿತು. ಹೊಸದಕ್ಕೆ ಪರದೇಶಕ್ಕೆ ಬರೆದರು. ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತೆವಳತೊಡಗಿತು. ನೀಲಪ್ಪನ ಅಪ್ಪ ಗುತ್ತೆಪ್ಪ ಶಿಗ್ಗಾಂವಿ, ಹಾನಗಲ್ಲ ತಾಲೂಕಿನ ಕಮ್ಮಾರರಿಗೆಲ್ಲ ತಿದಿ ಹೊಲಿದುಕೊಡುವವನು. ತೊಗಲು ಹದ ಮಾಡುವುದು ನೀಲಪ್ಪನಿಗೆ ಮ್ಯಾಟ್ರಿಕ್ಕಿಗಿಂತ ಮೊದಲೇ ಬರುತ್ತಿತ್ತು. "ನಾನು ಹೊಲಿಯಲೇ ಸಾಬ್?" ಎಂದ. ಮೇಲಿನವರು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಸರಕಾರಿ ಕೆಲಸದಲ್ಲಿ ಅದಕ್ಕೆ ಹೌದು ಎಂದೇ ಅರ್ಥ. ರಜೆಗೆ ಬಂದವನು ಹಿರೇಕೆರೂರು ಸಂತೆಯಲ್ಲಿ ಅಪ್ಪ ಆರಿಸಿದ ಆಡಿನ ತೊಗಲು ಹದ ಮಾಡಿಸಿ ಒಯ್ದ, ಹೊಲಿದ, ಕೂರಿಸಿದ. ಲಿಂಕ್ ಎದ್ದು ನಿಂತಿತು. ಯಂತ್ರದ ದಾಖಲೆ ಪುಸ್ತಕದಲ್ಲಿ "ಸ್ಥಳೀಯವಾಗಿ ದುರಸ್ತಿ" ಎಂದು ಬರೆದು ನೀಲಪ್ಪನ ಸಹಿ ಹಾಕಿಸಿಕೊಂಡರು. ಆಡಿನ ಸುದ್ದಿ ಯಾರೂ ಬರೆಯಲಿಲ್ಲ.

ಅಪ್ಪ ಹೇಳಿದ್ದು ಒಂದೇ ಮಾತು. ತಿಂಗಳಿಗೊಮ್ಮೆ ತೊಗಲಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಕುಡಿಸಬೇಕು, ಅದೂ ಅಕ್ಕಿಆಲೂರಿನ ಕುತುಬುದ್ದೀನನ ಗಾಣದ್ದು. ಎರಡು ವರ್ಷ ನೀಲಪ್ಪ ತಪ್ಪಿಸಲಿಲ್ಲ. ೧೯೭೫ರ ದಸರೆಯ ಹೊತ್ತಿಗೆ ಬಾಟಲಿ ತೀರಿತು. ಊರಿಗೆ ಹೋಗಲು ಇನ್ನೂ ಎರಡು ತಿಂಗಳಿತ್ತು. ಎಣ್ಣೆ ಎಂದರೆ ಎಣ್ಣೆ ಎಂದುಕೊಂಡು ಕ್ಯಾಂಟೀನಿನಲ್ಲಿ ಸಿಗುವ, ಮಲ್ಲಿಗೆ ವಾಸನೆಯ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಧಾರಾಳವಾಗಿ ತಿಕ್ಕಿದ. ಆವತ್ತಿನಿಂದ ಪೈಲಟ್ ಹುಡುಗರು ಲಿಂಕಿನಿಂದ ಇಳಿಯುವಾಗ ಮದುವೆ ಮನೆಯಿಂದ ಬಂದವರ ಹಾಗೆ ಘಮಘಮಿಸುತ್ತಿದ್ದರು.

ನವೆಂಬರಿನಲ್ಲಿ ಇಬ್ಬರು ಹುಡುಗರು ಲಿಂಕಿನಲ್ಲಿ ನಪಾಸಾಗಿ ಮನೆಗೆ ಹೋದರು. ತಡವಾಗಿ ಏಳುತ್ತಾರೆ ಎಂದು ಶಿಕ್ಷೆಗೆ ಬೆಳಗಿನ ಆರರ ಸರದಿ ಹಾಕಿಸಿಕೊಂಡವರು ಅವರು. ನಿದ್ದೆಗಣ್ಣು, ಮತ್ತೇನು ಎಂದು ಎಲ್ಲರೂ ಅಂದುಕೊಂಡರು. ಮೂರನೆಯವನು ನರಸಿಂಹ.

ನರಸಿಂಹ ಸವಣೂರಿನವನು. ಅಪ್ಪ ರಾಘಣ್ಣ ಅಲ್ಲಿನ ಸಂಸ್ಕೃತ ಮಾಸ್ತರ. ಆ ಮನೆತನದಲ್ಲಿ ಹಿಂದಿನವರು ಯಾರೂ ಮಠದ ಅಂಗಳ ದಾಟಿ ಹಾರಿದವರಲ್ಲ. ಈ ಹುಡುಗ ಬೆಳಗಿನ ನಾಲ್ಕೂವರೆಗೆ ಎದ್ದು, ತಣ್ಣೀರು ಸುರಿದುಕೊಂಡು, ಸಂಧ್ಯಾವಂದನೆ ಮುಗಿಸಿ, ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು ಆರಕ್ಕೆ ಲಿಂಕಿನ ಮುಂದೆ ನಿಲ್ಲುತ್ತಿದ್ದ. ಉಳಿದವರು "ನನ್ನ ಸರದಿ ನೀನು ತಗೋ" ಎಂದು ಅವನ ಕಾಲಿಗೆ ಬೀಳುತ್ತಿದ್ದರು. ಅವನಿಗೂ ಅದೇ ಬೇಕಿತ್ತು; ಊಟ ತಿಂಡಿಯ ಮೊದಲು ಶುಚಿಯಾಗಿ ಹಾರಿಬಿಡುವುದು. ಹಾಗಾಗಿ ಅವನು ಬೆಳಗಿನ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಲಿಂಕ್ ಏರಿದ್ದೇ ಇಲ್ಲ.

ನೀಲಪ್ಪನಿಗೆ ಅವನನ್ನು ಕಂಡರೆ ಅಷ್ಟಕ್ಕಷ್ಟೆ. ಮೆಸ್ಸಿನಲ್ಲಿ ದೂರ ಕೂತು ಮೊಸರನ್ನ ತಿನ್ನುವ ಹುಡುಗನ ಮೇಲೆ ತಡಸದ ಕೇರಿಯವನಿಗೆ ಪ್ರೀತಿ ಉಕ್ಕುವ ಕಾರಣವಿರಲಿಲ್ಲ. ಆದರೆ ಮುಚ್ಚಳ ಬಿದ್ದ ಮೇಲೆ ಇಯರ್‌ಫೋನಿನಲ್ಲಿ ಇಬ್ಬರೂ ನಮ್ಮ ಕಡೆಯ ಕನ್ನಡವಾಡುತ್ತಿದ್ದರು. ನೀಲಪ್ಪ "ಆಚಾರ್ರ" ಎಂದು ಕಿಚಾಯಿಸುತ್ತಿದ್ದ, ಒಳಗಿನವನು ನಗುತ್ತಿದ್ದ. ವರ್ಷಗಟ್ಟಲೆ ಹಿಂದಿ ಕೇಳಿ ಬತ್ತಿದ ಕಿವಿಗೆ ಅದು ಹಿತವಾಗಿತ್ತು ಎಂದು ನೀಲಪ್ಪ ಒಪ್ಪಿಕೊಳ್ಳುತ್ತಿದ್ದ, ಯಾರೂ ಕೇಳದಿದ್ದಾಗ.

ಡಿಸೆಂಬರಿನಲ್ಲಿ ನರಸಿಂಹ ಎರಡು ಪರೀಕ್ಷೆ ಸೋತ. ಎರಡರಲ್ಲೂ ಗೆರೆ ಎಡಕ್ಕೆ ವಾಲಿತ್ತು. ಮೂರನೆಯದು ಮುಂದಿನ ಸೋಮವಾರ. ಅಷ್ಟರಲ್ಲಿ ನೀಲಪ್ಪ ಹತ್ತು ದಿನದ ರಜೆ ಮೇಲೆ ಊರಿಗೆ ಹೊರಟ. ಅವನ ಮನಸ್ಸು ಹಗುರಾಗಿತ್ತು. ಇನ್ನಾರು ವರ್ಷದ ನೌಕರಿಗೆ ಅವನು ಕೊಟ್ಟ ಅರ್ಜಿ ವಿಂಗ್ ಕಮಾಂಡರನ ಮೇಜಿನ ಮೇಲಿತ್ತು, ಜನವರಿಯಲ್ಲಿ ಸಹಿಯಾದರೆ ಪೆನ್ಶನ್ ಗ್ಯಾರಂಟಿ. ಅವ್ವ ಭರಮವ್ವ ಅದನ್ನು ಆಗಲೇ ಊರಿಗೆಲ್ಲ ಸಾರಿಬಿಟ್ಟಿದ್ದಳು. ಹೊರಡುವಾಗ ನರಸಿಂಹ ಒಂದು ಲಕೋಟೆ ಕೊಟ್ಟು, "ಸವಣೂರಿಗೆ ಮುಟ್ಟಿಸು ನೀಲಪ್ಪ. ಅಪ್ಪನ ಕೈಯಾಗಽ ಕೊಡು. ನಮ್ಮ ಅಜ್ಜಿಗೆ ಗೊತ್ತಾಗಬಾರ್ದು" ಎಂದ.

ಸವಣೂರಿನ ಆ ಮನೆಯ ಕಟ್ಟೆಯ ಮೇಲೆ ಕೂರಲು ಹೇಳಿದರು, ಒಳಗೆ ಕರೆಯಲಿಲ್ಲ. ನೀಲಪ್ಪ ಅದನ್ನು ನಿರೀಕ್ಷಿಸಿಯೇ ಬಂದಿದ್ದ, ಆದರೂ ಮೈ ಉರಿಯಿತು. ರಾಘಣ್ಣ ಹೊರಬಂದು, "ಯಾರಪಾ, ಎಲ್ಲಿಂದ ಬಂದಿ?" ಎಂದ.

"ತಡಸದವ್ರಿ. ನಿಮ್ಮ ನರಸಿಂಹ ಸಾಹೇಬ್ರ ಸಾಲ್ಯಾಗ ಇದ್ದೇನಿ. ಕಾಗದ ಕೊಟ್ಟಾರ್ರಿ."

ರಾಘಣ್ಣನ ಅವ್ವ ಕೃಷ್ಣಾಬಾಯಿ ತಂಬಿಗೆ ಹಿಡಿದು ಬಂದು, ಮೇಲಿನಿಂದ ನೀಲಪ್ಪನ ಬೊಗಸೆಗೆ ನೀರು ಸುರಿದಳು. ಸುರಿಯುತ್ತಲೇ, ನನ್ನ ಮೊಮ್ಮಗ ಇಂದ್ರನ ಹಂಗ ಆಕಾಶದಾಗ ಓಡಾಡ್ತಾನಂತಲ್ಲಾ, ಎಂದು ಓಣಿಗೆಲ್ಲ ಕೇಳುವಂತೆ ಕೇಳಿದಳು. ನಿಮ್ಮ ಇಂದ್ರ ದಿನಾ ಬೆಳಿಗ್ಗೆ ಮಡಿಯಲ್ಲಿ ಬಂದು ನನ್ನ ಆಡಿನ ತೊಗಲಿನ ಮೇಲೆ ಕುಂಡಿ ಊರುತ್ತಾನೆ ಎಂದು ಹೇಳಲು ನೀಲಪ್ಪನ ನಾಲಿಗೆ ತುರಿಸಿತು. ಅಷ್ಟರಲ್ಲಿ ರಾಘಣ್ಣನ ಮುಖ ನೋಡಿದ. ಓದಿ ಮುಗಿಸಿದ ಕಾಗದವನ್ನೇ ಅವನು ಮತ್ತೆ ಮೊದಲಿನಿಂದ ಓದುತ್ತಿದ್ದ.

"ಏನಂತೋ?" ಎಂದಳು ಕೃಷ್ಣಾಬಾಯಿ.

"ಆರಾಮ ಇದ್ದಾನಂತವ್ವಾ" ಎಂದ ರಾಘಣ್ಣ. ಆಕೆ ಒಳಗೆ ಹೋದ ಮೇಲೆ ನೀಲಪ್ಪನ ಹತ್ತಿರ ಬಗ್ಗಿ, "ಸೋಮವಾರ ನಪಾಸಾದ್ರ ಸವಣೂರಿಗೆ ಬರೂದಿಲ್ಲ, ನನ್ನ ಹುಡುಕಬ್ಯಾಡ್ರಿ ಅಂತ ಬರದಾನ. ಖರೇ ಹೇಳು. ನನ್ನ ಮಗಾ ಅಷ್ಟು ದಡ್ಡ ಇದ್ದಾನೇನು?" ಎಂದ.

"ದಡ್ಡ ಅಲ್ರಿ. ಎಡಕ್ಕ ವಾಲ್ತಾರ್ರಿ."

"ಎಡಕ್ಕ ಯಾಕ ವಾಲ್ತಾನಪಾ?" ಎಂದು ರಾಘಣ್ಣ ತನ್ನಷ್ಟಕ್ಕೆ ಎಂಬಂತೆ ಕೇಳಿದ. ನೀಲಪ್ಪನಿಗೆ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಅದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು, ಬಸ್ಸಿನಲ್ಲಿ ಕಂಡಕ್ಟರನ ಜೊತೆ ಸುಮ್ಮಸುಮ್ಮನೆ ಜಗಳ ತೆಗೆದ.

ಮರುದಿನ ಬೆಳಿಗ್ಗೆ ತಡಸದಲ್ಲಿ ಹಲ್ಲು ಕಡಿಯುವ ಥಂಡಿ. ನೀಲಪ್ಪ ಸ್ನಾನಕ್ಕೆ ಮೊದಲು ತಲೆಗೆ ಎಣ್ಣೆ ಕೇಳಿದ. ಅವ್ವನಿಗೆಂದು ಅವನೇ ಕ್ಯಾಂಟೀನಿನಿಂದ ತಂದ ಮಲ್ಲಿಗೆ ವಾಸನೆಯ ಬಾಟಲಿ ಅದು. ಭರಮವ್ವ ಅದನ್ನು ಅಂಗಳದ ಬಿಸಿಲಿನಲ್ಲಿ ಇಟ್ಟಿದ್ದಳು.

"ನಿಂದ್ರೋ, ಎಣ್ಣಿ ಹೆಪ್ಪ ಹಿಡದೈತಿ. ಬೆಣಚಿಕಲ್ಲ ಆಗೇತಿ ನೋಡು. ಒಂಬತ್ತು ಹೊಡ್ಯೂದ್ರಾಗ ನೀರಾಗ್ತೈತಿ."

ನೀಲಪ್ಪ ಬಾಟಲಿ ಕೈಗೆತ್ತಿಕೊಂಡು ಬುಡಮೇಲು ಮಾಡಿದ. ಒಂದು ಹನಿಯೂ ಬೀಳಲಿಲ್ಲ. ಅವನಿಗೆ ಲಿಂಕ್ ನೆನಪಾಯಿತು. ಬೆಳಿಗ್ಗೆ ಆರಕ್ಕೆ ಶಾಲೆಯ ಶೆಡ್ಡಿನಲ್ಲೂ ಇಂಥದೇ ಥಂಡಿ. ಬಲಗಡೆಯ ತಿದಿಯ ತೊಗಲಿನೊಳಗೆ ಎಣ್ಣೆ ಹೆಪ್ಪುಗಟ್ಟಿ ಬಿರುಸಾಗಿದೆ. ಅದು ಕುಗ್ಗಲು ಒಲ್ಲೆನ್ನುತ್ತದೆ. ಬಲಗಡೆ ಇಳಿಯದಿದ್ದರೆ ಪೆಟ್ಟಿಗೆ ಎಡಕ್ಕೆ ವಾಲದೆ ಇನ್ನೆಲ್ಲಿಗೆ ವಾಲಬೇಕು? ಒಂಬತ್ತಕ್ಕೆ ಬಿಸಿಲೇರಿ ಎಣ್ಣೆ ಕರಗಿದರೆ ಎಲ್ಲ ನೆಟ್ಟಗೆ. ಅದಕ್ಕೇ ಹಗಲಿನ ಹುಡುಗರೆಲ್ಲ ಪಾಸು, ಬೆಳಗಿನವರೆಲ್ಲ ನಪಾಸು. ನರಸಿಂಹನನ್ನು ಕೆಡಿಸಿದ್ದು ಅವನ ಕೈಯಲ್ಲ, ಅವನ ಸಂಧ್ಯಾವಂದನೆ. ಮತ್ತು ಆ ಇಬ್ಬರು ಹುಡುಗರನ್ನು ಮನೆಗೆ ಕಳಿಸಿದವನು ನೀಲಪ್ಪ ಗುತ್ತೆಪ್ಪ.

ರಜೆ ಇನ್ನೂ ಬೇಕಾದಷ್ಟು ಉಳಿದಿತ್ತು. ಅವನು ತಲೆಗೆ ನೀರೂ ಹಾಕಿಕೊಳ್ಳದೆ ಹಾನಗಲ್ಲ ದಾಟಿ ಅಕ್ಕಿಆಲೂರಿನ ಬಸ್ಸು ಹಿಡಿದ. ಗಾಣದ ಕುತುಬುದ್ದೀನ ಅವನ ಗಾಬರಿ ನೋಡಿ, "ಏನ್ ಮಿಲ್ಟ್ರಿ, ಹೊಟ್ಟಿ ಕಟ್ಟೇತೇನು? ಔಡಲೆಣ್ಣಿ ಎಷ್ಟು ಚಮಚಾ ಕೊಡ್ಲಿ?" ಎಂದ.

"ನನಗಲ್ಲೋ, ವಿಮಾನಕ್ಕ. ಸೇರುಗಟ್ಟಲೆ ಹಾಕು."

"ಅದಕ್ಕೂ ಕಟ್ಟೇತೇನು?" ಎಂದು ಕುತುಬುದ್ದೀನ ಇಡೀ ಗಾಣ ನಡುಗುವಂತೆ ನಕ್ಕ.

ರೈಲಿನಲ್ಲಿ ನೀಲಪ್ಪ ಒಂದು ಹಂಚಿಕೆ ಹಾಕಿದ. ಸದ್ದಿಲ್ಲದೆ ತಿದಿಗೆ ಔಡಲೆಣ್ಣೆ ತಿಕ್ಕುವುದು. ನರಸಿಂಹ ಪಾಸಾಗುತ್ತಾನೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ, ಅರ್ಜಿಗೆ ಸಹಿ ಬೀಳುತ್ತದೆ. ಆ ಇಬ್ಬರು ಹುಡುಗರ ನೆನಪು ಬಂದಾಗಲೆಲ್ಲ ಕಿಟಕಿಯ ಹೊರಗೆ ನೋಡಿದ. ಹೊರಗೂ ಅವರೇ ಇದ್ದರು. ಸೋಮವಾರ ಬೆಳಗಿನ ಜಾವ ಶಾಲೆ ತಲುಪಿ, ಶೆಡ್ಡಿನ ಬೀಗ ತೆಗೆದು, ಬಿಸಿನೀರಿನ ಬಟ್ಟೆಯಿಂದ ತೊಗಲು ಒರೆಸಿ ಒರೆಸಿ ಮೃದು ಮಾಡಿ ಔಡಲೆಣ್ಣೆ ಕುಡಿಸಿದ. ತಿದಿ ಅಪ್ಪನ ಕೈಯಲ್ಲಿದ್ದ ಹಾಗೆ ಉಸಿರಾಡಿತು. ನರಸಿಂಹ ಬಂದೊಡನೆ ಕಿವಿಯಲ್ಲಿ ಒಂದು ಮಾತು ಹೇಳಿಬಿಡಬೇಕು ಎಂದುಕೊಂಡ. ಆದರೆ ಆವತ್ತು ನರಸಿಂಹನ ಜೊತೆಗೇ ವಿಂಗ್ ಕಮಾಂಡರ್ ನಡೆದು ಬಂದ. ಮೀಸೆಯ ಎರಡೂ ತುದಿಗೆ ಮತ್ತು ತಲೆಗೆ ಎಣ್ಣೆ ಹಚ್ಚಿ ಮಿರಮಿರ ಮಿಂಚುವ ದೊಡ್ಡ ಆಸಾಮಿ. ಮೇಜಿನ ಪಕ್ಕ ಕುರ್ಚಿ ಎಳೆದು ಕೂತ.

ಮುಚ್ಚಳ ಬಿತ್ತು. ಏಡಿ ಹೊರಟಿತು. ನೀಲಪ್ಪ ನೋಡುತ್ತಿದ್ದಂತೆ ಗೆರೆ ಬಲಕ್ಕೆ ಬಾಗಿತು.

ಇಷ್ಟು ದಿನ ಎಡಕ್ಕೆ ವಾಲುವ ಯಂತ್ರವನ್ನು ತಡೆಯಲು ಹುಡುಗನಿಗೆ ಬಲಕ್ಕೆ ಒತ್ತಿ ಒತ್ತಿ ರೂಢಿಯಾಗಿತ್ತು. ಈಗ ಯಂತ್ರ ನೆಟ್ಟಗಾಗಿದೆ, ಹುಡುಗನ ಕೈ ಸೊಟ್ಟಗಾಗಿದೆ. ಗೆರೆ ಇನ್ನೊಂದು ಬೆರಳಿನಷ್ಟು ಸರಿದರೆ ಮುಗಿಯಿತು. ಪರೀಕ್ಷೆಯ ನಡುವೆ ಒಳಗಿನವನಿಗೆ ಸಹಾಯ ಮಾಡುವುದು ದೊಡ್ಡ ಅಪರಾಧ. ಸಾಹೇಬ ಮಗ್ಗುಲಲ್ಲೇ ಇದ್ದಾನೆ. ಸವಣೂರಿನ ಕಟ್ಟೆಯ ಮೇಲೆ ಒಂದೇ ಕಾಗದವನ್ನು ಮತ್ತೆ ಮತ್ತೆ ಓದುತ್ತಿದ್ದ ರಾಘಣ್ಣ ಕಣ್ಣ ಮುಂದೆ ಬಂದ. ನೀಲಪ್ಪ ಬಾಯಿ ಬಿಟ್ಟ.

"ಆಚಾರ್ರ, ಯಂತ್ರ ಇವತ್ತ ನೆಟ್ಟಗ ಐತಿ. ಇಷ್ಟ ದಿನದ ತಪ್ಪು ಅದರದು, ನಿಮ್ದಲ್ಲ. ಬಲಕ್ಕ ಒತ್ತಬ್ಯಾಡ್ರಿ. ಮುಳ್ಳು ಹೇಳಿದ್ದ ಕೇಳ್ರಿ."

ಇಯರ್‌ಫೋನಿನಲ್ಲಿ ಒಂದು ಉಸಿರು ಕೇಳಿಸಿತು. ಏಡಿ ತಡವರಿಸಿತು, ಸರಿಯಾಯಿತು, ಆಮೇಲೆ ಕೊನೆಯವರೆಗೂ ನೇಗಿಲ ಸಾಲಿನಂತೆ ನೆಟ್ಟಗೆ ಹೋಯಿತು. ನೀಲಪ್ಪನ ಕಣ್ಣಲ್ಲಿ ನೀರು ತುಂಬಿತು.

ಸಾಹೇಬನಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಕಿವಿ ಇತ್ತು. ಏನು ಹೇಳಿದೆ ಎಂದು ಕೇಳಿದ. ಶುಭ ಹಾರೈಸಿದೆ ಎಂದ ನೀಲಪ್ಪ. ಶುಭ ಹಾರೈಕೆ ಇಷ್ಟುದ್ದವೇ ಎಂದ ಸಾಹೇಬ. ಸಹಾಯ ಪಡೆದು ಎಳೆದ ಗೆರೆ ಗೆರೆಯಲ್ಲ, ಈ ಪರೀಕ್ಷೆ ರದ್ದು, ಹುಡುಗ ಇವತ್ತೇ ರೈಲು ಹತ್ತಲಿ ಎಂದ.

ಆಗ ನೀಲಪ್ಪನಿಗೆ ಸ್ಪಷ್ಟವಾಯಿತು. ಬಾಯಿ ಮುಚ್ಚಿಕೊಂಡರೆ ಅವನ ಆರು ವರ್ಷ ಅವನಿಗೆ, ಹುಡುಗ ರೈಲಿಗೆ. ಯಂತ್ರವೇ ಸೊಟ್ಟ ಇತ್ತು ಎಂದರೆ ಮಾತ್ರ ಈ ಗೆರೆ ಗೆರೆಯಾಗುತ್ತದೆ. ಅವನು ಅಟೆನ್ಶನ್ನಿನಲ್ಲಿ ನಿಂತು ಶುರು ಮಾಡಿದ. ಆಡಿನಿಂದ. ಹಿರೇಕೆರೂರು ಸಂತೆ, ಅಪ್ಪ, ಔಡಲೆಣ್ಣೆ, ಕೊಬ್ಬರಿ ಎಣ್ಣೆ, ಅವ್ವನ ಬಾಟಲಿ, ನವೆಂಬರಿನ ಇಬ್ಬರು ಹುಡುಗರು. ಸರಕಾರದ ವಿಮಾನ ಶಾಲೆಯಲ್ಲಿ ಒಂದು ಆಡು ಇದೆ ಎಂಬ ಸುದ್ದಿಯನ್ನೇ ಸಾಹೇಬನಿಗೆ ಅರಗಿಸಿಕೊಳ್ಳಲಾಗಲಿಲ್ಲ. ಅಷ್ಟು ದೊಡ್ಡ ಮನುಷ್ಯ ಅಂಗಾತ ಮಲಗಿ ಲಿಂಕಿನ ಕೆಳಗೆ ತೆವಳಿದ. ಮೂಸಿದ. ಔಡಲದ ಘಾಟಿನ ಒಳಗಿನಿಂದ ಇನ್ನೂ ಮಲ್ಲಿಗೆ ವಾಸನೆ ಬರುತ್ತಿತ್ತು. ಸಾಹೇಬ ಹೊರ ಬಂದು ಸಾವಕಾಶವಾಗಿ ತನ್ನ ತಲೆಯನ್ನು ಮುಟ್ಟಿ, ಬೆರಳನ್ನು ಮೂಸಿದ. ಒಂದೇ ವಾಸನೆ.

ಮರುದಿನ ಸಾಹೇಬ ತನ್ನ ಸ್ವಂತ ಬಾಟಲಿಯನ್ನೇ ತರಿಸಿ ತಿದಿಗೆ ಹಚ್ಚಿಸಿದ. ಅದರ ಮರುದಿನ ಬೆಳಿಗ್ಗೆ ಆರಕ್ಕೆ ಖಾಲಿ ಪೆಟ್ಟಿಗೆಯನ್ನು ಚಾಲೂ ಮಾಡಿದಾಗ ಅದು ಸೇಂದಿ ಕುಡಿದವನ ಹಾಗೆ ಎಡಕ್ಕೆ ವಾಲಿತು. ಒಂಬತ್ತು ಹೊಡೆಯುವ ಹೊತ್ತಿಗೆ ಸಭ್ಯಸ್ಥನಾಗಿ ಎದ್ದು ಕೂತಿತು. ನರಸಿಂಹ ಪಾಸು. ಮನೆಗೆ ಹೋದ ಇಬ್ಬರಿಗೂ ತಂತಿ ಹೋಯಿತು. ಒಬ್ಬ ಓಡಿ ಬಂದ. ಇನ್ನೊಬ್ಬ ಅಷ್ಟರಲ್ಲಿ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತನಾಗಿ ಮದುವೆಯೂ ಗೊತ್ತಾಗಿ, ನನ್ನ ಪಾಡಿಗೆ ನನ್ನನ್ನು ಬಿಡಿ ಎಂದು ಬರೆದ. ನೀಲಪ್ಪನ ಅರ್ಜಿ ಹಾಗೇ ವಾಪಸು ಬಂತು. ಸರಕಾರಿ ಯಂತ್ರಕ್ಕೆ ಅನಧಿಕೃತ ಪ್ರಾಣಿಯನ್ನು ಜೋಡಿಸಿದ್ದು ಅಪರಾಧ. ಪುಸ್ತಕದಲ್ಲಿ ಸಹಿ ಅವನೊಬ್ಬನದೇ ಇತ್ತು. ಸಾಹೇಬ ಯಾರೂ ಇಲ್ಲದಾಗ ಕೈ ಕುಲುಕಿದ. ಕೈ ಕುಲುಕಿದ್ದಕ್ಕೆ ಕಾಗದವಿಲ್ಲ.

ತಡಸದಲ್ಲಿ ಭರಮವ್ವ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ, "ಪೆನ್ಶನ್ ಹೋದ್ರ ಹೋತು. ವಿಮಾನ ಕೆಡವಿದ್ದು ಖರೇ ಏನೋ?" ಎಂದು ಕೇಳಿದಳು. "ಇಲ್ಲಬೇ, ನೆಟ್ಟಗ ಮಾಡಿದ್ದು" ಎಂದ ನೀಲಪ್ಪ. ಆಕೆ ನಂಬಲಿಲ್ಲ. ನಿನ್ನ ಬಾಟಲಿಯಿಂದಲೇ ದೋಷ ಗೊತ್ತಾದದ್ದು ಎಂದು ಅವನು ಹೇಳಲಿಲ್ಲ, ಆಕೆ ಇರುವ ತನಕ.

ಎಂಟು ವರ್ಷ ಕಳೆಯಿತು. ೧೯೮೪ರ ಒಂದು ಮಧ್ಯಾಹ್ನ ಶಿಗ್ಗಾಂವಿಯ ಅಂಗಡಿಯ ಮುಂದೆ ಧೋತರದ ಮುದುಕರೊಬ್ಬರು ಬಂದು ನಿಂತರು. ಮೂರು ರೆಕ್ಕೆಯ ವಿಮಾನವನ್ನು ಒಂದು ಹೊತ್ತು ನೋಡಿ, "ನೀಲಪ್ಪನವರು ಇದ್ದಾರೇನ್ರೀ?" ಎಂದರು. ನೀಲಪ್ಪ ಹಾರ್ಮೋನಿಯಂ ಕೆಳಗಿಟ್ಟ. ರಾಘಣ್ಣ.

"ನನಗ ನೀ ಅನ್ರಿ ಮಾಸ್ತರ. ಬರ್ರಿ, ಕುಂದರ್ರಿ."

ಕೂರಲು ಅಂಗಡಿಯಲ್ಲಿದ್ದದ್ದು ತೊಗಲು ಹಾಸಿದ ಒಂದು ಸ್ಟೂಲು. ರಾಘಣ್ಣ ಅದರ ಮೇಲೆ ಕೂತರು. "ಮೊದ್ಲ ಒಂದಿಷ್ಟು ನೀರು ಕೊಡು" ಎಂದರು. ನೀಲಪ್ಪ ತಬ್ಬಿಬ್ಬಾಗಿ ನಿಂತ. ರಾಘಣ್ಣ ತಾವೇ ಎದ್ದು, ಮೂಲೆಯ ಕೊಡದಲ್ಲಿ ಲೋಟ ಮುಳುಗಿಸಿ, ಗಟಗಟ ಕುಡಿದು, ಧೋತರದ ಮೇಲೆಲ್ಲ ಚೆಲ್ಲಿಕೊಂಡರು. ಆಮೇಲೆ ಚೀಲದಿಂದ ದಪ್ಪ ಹೊಳಪು ಕಾಗದದ ಪುಸ್ತಕ ತೆಗೆದರು. ವಿಮಾನ ಶಾಲೆಯ ಚರಿತ್ರೆ. ನರಸಿಂಹ ಈಗ ಸ್ಕ್ವಾಡ್ರನ್ ಲೀಡರ್. ಪುಸ್ತಕದ ಒಂದು ಅಧ್ಯಾಯ ಅವನದೇ.

"ಅಂವಾ ಆವಾಗಽ ಎಲ್ಲಾ ಬರದಿದ್ದ ನನಗ. ನಾನಽ ಬರಲಿಲ್ಲ. ನಾಚಿಕಿ ಆತು" ಎಂದರು ರಾಘಣ್ಣ. "ಈ ಪುಸ್ತಕದಾಗ ನಿನ್ನ ಹೆಸರು ಇರ್ತದಂತ ಹುಡುಕಿದೆ. ಇಲ್ಲ."

"ಲಿಂಕಿಂದು ಏನ ಬರದಾರ, ಓದ್ರಿ."

ರಾಘಣ್ಣ ಪುಟ ತೆಗೆದು, ಇಂಗ್ಲಿಷಿನ ಸಾಲನ್ನು ಕನ್ನಡ ಮಾಡಿ ಓದಿದರು. "ಸಾವಿರದ ಒಂಬೈನೂರಾ ಎಪ್ಪತ್ತೈದರಲ್ಲಿ ಲಿಂಕ್ ಯಂತ್ರದಲ್ಲಿ ಒಂದು ತಾಂತ್ರಿಕ ದೋಷ ಕಂಡುಬಂದು, ಅದನ್ನು ನಿವಾರಿಸಲಾಯಿತು."

ನೀಲಪ್ಪ ನಗತೊಡಗಿದ. ನಕ್ಕು ನಕ್ಕು ಕಣ್ಣು ಒರೆಸಿಕೊಂಡ.

"ಮಾಸ್ತರ, ಆ ತಾಂತ್ರಿಕ ದೋಷ ಅಂದ್ರ ನಾನಽ ರೀ. ನಿವಾರ್ಸಿದ್ದೂ ನನ್ನ."

"ಹೆಸರು ಹಾಕಿದ್ರ ನಿನಗ ಕಪ್ಪು ಹತ್ತೀತು ಅಂತ ಬಿಟ್ಟಾನಂತ" ಎಂದರು ರಾಘಣ್ಣ, ಮಗನ ಪರವಾಗಿ, ತಲೆ ತಗ್ಗಿಸಿ.

"ಕಪ್ಪ ಹತ್ತಿದ್ರೂ ಹೆಸರು ಹೆಸರಽ ಅಲ್ಲೇನ್ರಿ" ಎಂದ ನೀಲಪ್ಪ. ನಗು ನಿಂತಿತ್ತು. ಅವನಿಗೆ ನೋವಾಗಿತ್ತು, ಅದನ್ನು ಮುಚ್ಚಿಡುವ ವಯಸ್ಸು ದಾಟಿತ್ತು.

ರಾಘಣ್ಣ ಜೇಬಿನಿಂದ ಪೆನ್ನು ತೆಗೆದರು. ಜೀವಮಾನದಲ್ಲಿ ಒಂದು ಪುಸ್ತಕದ ಅಂಚಿಗೂ ಗೀಚಿದವರಲ್ಲ; ಗೀಚಿದ ಹುಡುಗರ ಬೆರಳಿಗೆ ರೂಲರಿನಿಂದ ಹೊಡೆದವರು. ಆ ಸಾಲಿನ ಪಕ್ಕದ ಅಂಚಿನಲ್ಲಿ, ಹಲಗೆಯ ಮೇಲೆ ಬರೆಯುವಂಥ ದುಂಡಗಿನ ಅಕ್ಷರದಲ್ಲಿ, ಶಾಯಿಯಿಂದ ಬರೆದು ಓದಿ ತೋರಿಸಿದರು. "ದೋಷವನ್ನು ಕಂಡುಹಿಡಿದು ತಾನೇ ಒಪ್ಪಿಕೊಂಡವನು ನೀಲಪ್ಪ ಗುತ್ತೆಪ್ಪ, ತಡಸ."

ನೀಲಪ್ಪ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ, "ಆಡಿಂದೂ ಬರೀರಿ" ಎಂದ.

"ಏನು?"

"ಆಡ್ರಿ. ಅದರ ಮ್ಯಾಲೆ ಕುಂತಽ ಎಲ್ಲಾರೂ ಹಾರೂದು ಕಲ್ತಾರ. ಅದರದೂ ಹೆಸರು ಇರ್ಲಿ."

ಸವಣೂರಿನ ಸಂಸ್ಕೃತ ಮಾಸ್ತರರು ಪೆನ್ನು ಹಿಡಿದು ಒಂದು ಕ್ಷಣ ಯೋಚಿಸಿದರು. ತಾವು ಕೂತ ಸ್ಟೂಲಿನ ತೊಗಲನ್ನು ಒಮ್ಮೆ ಕೈಯಿಂದ ಸವರಿದರು. ಆಮೇಲೆ ಅದೇ ಸಾಲಿನಲ್ಲಿ, ಜಾಗ ಸಾಲದೆ ಅಕ್ಷರ ಸಣ್ಣ ಮಾಡಿ, ಮುಂದುವರಿಸಿದರು: ಮತ್ತು ಹಿರೇಕೆರೂರು ಸಂತೆಯ ಒಂದು ಆಡು.